ಉಗ್ಗುವಿಕೆಗೆ ವಾಕ್ ಚಿಕಿತ್ಸೆ

ಉಗ್ಗುವಿಕೆಗೆ ವಾಕ್ ಚಿಕಿತ್ಸೆ ಎಂಬುದು ಮಾತು ಉಗ್ಗುವ ಮಕ್ಕಳಿಗೂ ವಯಸ್ಕರಿಗೂ ವಾಕ್-ಭಾಷಾ ತಜ್ಞರು ನೀಡುವ ವಿಶೇಷ ಚಿಕಿತ್ಸೆ. ಉಗ್ಗುವಿಕೆಯನ್ನು ತೊದಲುವಿಕೆ ಎಂದೂ ಕರೆಯುವುದುಂಟು. ಮಾತಿನ ತಡೆಗಳನ್ನು ಕಡಿಮೆ ಮಾಡುವುದರ ಜೊತೆಗೆ, ಹೇಳಬೇಕಾದುದನ್ನು ಅಳುಕಿಲ್ಲದೆ ಹೇಳಲು ವ್ಯಕ್ತಿಯನ್ನು ಶಕ್ತಗೊಳಿಸುವುದೂ ಇದರ ಗುರಿ.

ಹಿನ್ನೆಲೆ

ಧ್ವನಿಯ ಪುನರಾವರ್ತನೆ (ಮ-ಮ-ಮನೆ), ಧ್ವನಿಯ ಎಳೆತ ಮತ್ತು ಧ್ವನಿಯೇ ಹೊರಡದ ತಡೆ ಉಗ್ಗುವಿಕೆಯ ಮುಖ್ಯ ಲಕ್ಷಣಗಳು. ಇದು ಸಾಮಾನ್ಯವಾಗಿ 2ರಿಂದ 5 ವರ್ಷ ವಯಸ್ಸಿನಲ್ಲಿ ಆರಂಭವಾಗುತ್ತದೆ. ಸುಮಾರು ಶೇ. 5ರಷ್ಟು ಮಕ್ಕಳಲ್ಲಿ ಕಾಣಿಸಿಕೊಂಡರೂ ಹೆಚ್ಚಿನವರಲ್ಲಿ ತಾನಾಗಿಯೇ ನಿಲ್ಲುತ್ತದೆ. ವಯಸ್ಕರಲ್ಲಿ ಸುಮಾರು ಶೇ. 1ರಷ್ಟು ಮಂದಿಯಲ್ಲಿ ಉಳಿಯುತ್ತದೆ. ಆನುವಂಶಿಕತೆ ಹಾಗೂ ಮಾತನ್ನು ನಿಯಂತ್ರಿಸುವ ಮೆದುಳಿನ ಭಾಗಗಳಲ್ಲಿನ ವ್ಯತ್ಯಾಸಗಳು ಇದರೊಂದಿಗೆ ಸಂಬಂಧ ಹೊಂದಿವೆ. ಬುದ್ಧಿಶಕ್ತಿಯ ಕೊರತೆಯಾಗಲಿ ಪೋಷಕರ ತಪ್ಪಾಗಲಿ ಇದಕ್ಕೆ ಕಾರಣವಲ್ಲ.

ಮೌಲ್ಯಮಾಪನ

ತಜ್ಞರು ಸಂಭಾಷಣೆಯನ್ನೂ ಓದನ್ನೂ ಧ್ವನಿಮುದ್ರಿಸಿಕೊಂಡು, ಉಗ್ಗಿದ ಅಕ್ಷರಗಳ ಶೇಕಡಾ ಪ್ರಮಾಣ ಮತ್ತು ತಡೆಗಳ ಅವಧಿಯನ್ನು ಅಳೆಯುತ್ತಾರೆ. ಕಷ್ಟದ ಪದವನ್ನು ಬಿಟ್ಟು ಬೇರೆ ಪದ ಬಳಸುವುದು, ದೂರವಾಣಿ ಕರೆ ತಪ್ಪಿಸುವುದು, ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಸುಮ್ಮನಿರುವುದು ಮುಂತಾದವು ಈ ಎಣಿಕೆಗೆ ಸಿಗುವುದಿಲ್ಲ. ಆದ್ದರಿಂದ ವ್ಯಕ್ತಿಯ ಅನುಭವವನ್ನೂ ಕೇಳಿ ದಾಖಲಿಸಲಾಗುತ್ತದೆ.

ಚಿಕಿತ್ಸಾ ವಿಧಾನಗಳು

* ಲಿಡ್‌ಕೂಂಬ್ ಕಾರ್ಯಕ್ರಮ: ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡ ಈ ವಿಧಾನವು ಮುಖ್ಯವಾಗಿ 6 ವರ್ಷದೊಳಗಿನ ಮಕ್ಕಳಿಗೆ ಬಳಕೆಯಾಗುತ್ತದೆ. ತಜ್ಞರ ಮಾರ್ಗದರ್ಶನದಲ್ಲಿ ಪೋಷಕರೇ ಮನೆಯಲ್ಲಿ ಚಿಕಿತ್ಸೆ ನೀಡುತ್ತಾರೆ; ಮಗು ತಡೆಯಿಲ್ಲದೆ ಮಾತನಾಡಿದಾಗ ಮೆಚ್ಚುಗೆ ಸೂಚಿಸುತ್ತಾರೆ. ನ್ಯೂಜಿಲೆಂಡಿನಲ್ಲಿ 54 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದವರ ಉಗ್ಗುವಿಕೆ ಇತರರಿಗಿಂತ ಹೆಚ್ಚು ಇಳಿದಿತ್ತು.
* ನಿರರ್ಗಳತೆ ರೂಪಿಸುವಿಕೆ: ಸ್ವರಗಳನ್ನು ತುಸು ಎಳೆದು, ಧ್ವನಿಯನ್ನು ಮೃದುವಾಗಿ ಆರಂಭಿಸಿ, ಉಸಿರಾಟಕ್ಕೆ ಹೊಂದಿಸಿ ಮಾತನಾಡುವ ಅಭ್ಯಾಸ. ನಿಧಾನಗತಿಯಿಂದ ಸಹಜ ವೇಗಕ್ಕೆ ಹಂತಹಂತವಾಗಿ ಬರಲಾಗುತ್ತದೆ.
* ಉಗ್ಗುವಿಕೆಯ ಮಾರ್ಪಾಡು: ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಬೆಳೆಸಿದ ವಿಧಾನ. ಸ್ವತಃ ಉಗ್ಗುತ್ತಿದ್ದ ಅವರು, ಉಗ್ಗನ್ನು ಮುಚ್ಚಿಡುವ ಬದಲು ಒತ್ತಡವಿಲ್ಲದೆ ಉಗ್ಗುವುದನ್ನು ಕಲಿಸಿದರು.

ಕರ್ನಾಟಕದಲ್ಲಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಆರಂಭವಾಯಿತು. ಇಲ್ಲಿ ತಜ್ಞರ ಶಿಕ್ಷಣ ಮತ್ತು ಸಂಶೋಧನೆಯ ಜೊತೆಗೆ ಉಗ್ಗುವಿಕೆಗೆ ತಪಾಸಣೆ ಮತ್ತು ಚಿಕಿತ್ಸೆಯೂ ದೊರೆಯುತ್ತದೆ. ಮಾತು ಸ್ಪಷ್ಟವಾಗಲೆಂದು ಮಕ್ಕಳ ನಾಲಗೆಗೆ ಬಜೆ ತೇಯ್ದು ಹಚ್ಚುವ ರೂಢಿ ರಾಜ್ಯದಲ್ಲಿದ್ದರೂ, ಅದು ವಾಕ್ ಚಿಕಿತ್ಸೆಗೆ ಬದಲಿಯಲ್ಲ.

ಮಿತಿಗಳು

ವಯಸ್ಕರಲ್ಲಿ ಉಗ್ಗುವಿಕೆ ಸಂಪೂರ್ಣವಾಗಿ ಇಲ್ಲವಾಗುವುದು ಅಪರೂಪ. ಚಿಕಿತ್ಸಾಲಯದಲ್ಲಿ ಸಾಧಿಸಿದ ನಿರರ್ಗಳತೆ ಹೊರಗಿನ ಒತ್ತಡದ ಸಂದರ್ಭಗಳಲ್ಲಿ ಕುಸಿಯಬಹುದು. ಆದ್ದರಿಂದ ಅಭ್ಯಾಸದ ಮುಂದುವರಿಕೆ ಅಗತ್ಯ. ಕೇಳುಗರ ವರ್ತನೆಯೂ ಪರಿಣಾಮ ಬೀರುತ್ತದೆ. ವಾಕ್ಯವನ್ನು ತಾವೇ ಪೂರ್ಣಗೊಳಿಸದೆ, "ನಿಧಾನವಾಗಿ ಹೇಳು" ಎಂದು ಒತ್ತಾಯಿಸದೆ, ಮಾತು ಮುಗಿಯುವವರೆಗೆ ಕಾಯುವಂತೆ ತಜ್ಞರು ಕುಟುಂಬದವರಿಗೂ ಶಿಕ್ಷಕರಿಗೂ ಸಲಹೆ ನೀಡುತ್ತಾರೆ.