ಇಂಗ್ಲಿಷ್ ಶಬ್ದವರ್ಗಗಳ ಪೂರ್ವವೃತ್ತಾಂತ

ಇಂಗ್ಲಿಷಿನಲ್ಲಿ ಶಬ್ದವರ್ಗಗಳು ಎಂಟೆಂದು ಬಾಲ್ಯದಲ್ಲಿ ಬಾಯಿಪಾಠ ಮಾಡಿದವರಲ್ಲಿ ಅನೇಕರು, ಆ ಎಂಟೆಂಬ ಎಣಿಕೆ ಇಂಗ್ಲಿಷಿನಲ್ಲಿ ಹುಟ್ಟಿದುದಲ್ಲವೆಂಬುದನ್ನು ಅರಿಯರು. ಅಲೆಕ್ಸಾಂಡ್ರಿಯದ ವಿದ್ವತ್ಪರಂಪರೆಗೆ ಸೇರಿದ ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರೀಕ್ ವ್ಯಾಕರಣವು ಪದಗಳನ್ನು ಎಂಟಾಗಿ ವಿಂಗಡಿಸಿತು. ರೋಮನ್ನರು ಆ ವಿಂಗಡಣೆಯನ್ನು ಲ್ಯಾಟಿನ್ನಿಗೆ ಹೊಂದಿಸಿಕೊಳ್ಳುವಾಗ, ತಮ್ಮ ನುಡಿಯಲ್ಲಿಲ್ಲದ ಆರ್ಟಿಕಲ್ಲನ್ನು ಕೈಬಿಟ್ಟು, ಉದ್ಗಾರವಾಚಕಕ್ಕೆ ಬೇರೊಂದು ಪೀಠವನ್ನಿತ್ತು, ಎಂಟನ್ನು ಎಂಟಾಗಿಯೇ ಉಳಿಸಿಕೊಂಡರು.

1586ರಲ್ಲಿ ವಿಲಿಯಂ ಬುಲ್ಲೋಕರನು, ತನ್ನ ತಾಯ್ನುಡಿಗೂ ನಿಯಮಗಳುಂಟೆಂದು ತೋರಿಸುವ ಅಭಿಮಾನದಿಂದ, ಇಂಗ್ಲಿಷಿನ ಮೊತ್ತಮೊದಲ ವ್ಯಾಕರಣವನ್ನು ಅಚ್ಚುಮಾಡಿಸಿದಾಗ, ಅವನ ಮುಂದಿದ್ದ ಮಾದರಿಯು ಶಾಲೆಗಳಲ್ಲಿ ಮೆರೆಯುತ್ತಿದ್ದ ವಿಲಿಯಂ ಲಿಲಿಯ ಲ್ಯಾಟಿನ್ ವ್ಯಾಕರಣವೇ ಆಗಿದ್ದಿತು. ಆದರೆ ಲ್ಯಾಟಿನ್ ಪದವು ತನ್ನ ಕುಲವನ್ನು ಪ್ರತ್ಯಯದಲ್ಲಿ ಹೊತ್ತು ನಡೆಯತಕ್ಕದ್ದು. ಇಂಗ್ಲಿಷಾದರೋ ಆ ವೇಳೆಗೆ ತನ್ನ ಪ್ರತ್ಯಯಗಳಲ್ಲಿ ಬಹುಭಾಗವನ್ನು ಕಳಚಿಹಾಕಿತ್ತು. ಪ್ರಾಚೀನ ಇಂಗ್ಲಿಷಿನಲ್ಲಿ ‘ಲುಫು’ ಎಂದರೆ ಪ್ರೀತಿ, ‘ಲುಫಿಯನ್’ ಎಂದರೆ ಪ್ರೀತಿಸುವುದು. ಅಂತ್ಯಗಳು ಸವೆದು ಉದುರಿದ ಮೇಲೆ ಎರಡಕ್ಕೂ ‘ಲವ್’ ಎಂಬ ಒಂದೇ ರೂಪವುಳಿದು, ಅದು ನಾಮವೋ ಕ್ರಿಯೆಯೋ ಎಂಬುದನ್ನು ವಾಕ್ಯದಲ್ಲಿ ಅದಕ್ಕೆ ದೊರೆತ ಸ್ಥಾನವೇ ಹೇಳಬೇಕಾಯಿತು.

ಇಂಗ್ಲಿಷನ್ನು ಲ್ಯಾಟಿನ್ನಿನ ಅಚ್ಚಿಗೆ ಒತ್ತುವುದು ಸಲ್ಲದೆಂದು ಸ್ಪಷ್ಟವಾಗಿ ಸಾರಿದವನು ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್. ಆ ಮಾತನ್ನೊಳಗೊಂಡ 1653ರ ಅವನ ಗ್ರಂಥವೂ ಲ್ಯಾಟಿನ್ನಿನಲ್ಲಿಯೇ ರಚಿತವಾಯಿತೆಂಬುದು ಕಾಲಧರ್ಮ. ಅದಕ್ಕೆ ಅರ್ಧಶತಮಾನದ ಹಿಂದೆ, 1604ರಲ್ಲಿ, ನಮ್ಮ ಭಟ್ಟಾಕಳಂಕನೂ ಕನ್ನಡದ ಗೌರವವನ್ನು ಸ್ಥಾಪಿಸಲು ‘ಶಬ್ದಾನುಶಾಸನ’ವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದನಷ್ಟೆ. ಮುಂದೆ 1761ರಲ್ಲಿ ಜೋಸೆಫ್ ಪ್ರೀಸ್ಟ್ಲಿಯು, ಗ್ರೀಕ್ ಲ್ಯಾಟಿನ್‌ಗಳಲ್ಲಿ ನಾಮದಂತೆಯೇ ವಿಭಕ್ತಿ ಹೊಂದಿ ನಾಮದಲ್ಲೇ ಅಡಗಿದ್ದ ವಿಶೇಷಣವನ್ನು ಸ್ವತಂತ್ರ ವರ್ಗವಾಗಿ ಗಣಿಸಿದನು. ಮರುವರ್ಷವೇ ರಾಬರ್ಟ್ ಲೌತನು ಆರ್ಟಿಕಲ್ಲನ್ನೂ ಕೂಡಿಸಿ ಒಂಬತ್ತು ಎಣಿಸಿದನು. 1952ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರೈಸ್, ಜನರ ದೂರವಾಣಿ ಸಂಭಾಷಣೆಗಳನ್ನು ಆಧಾರವಾಗಿಟ್ಟುಕೊಂಡು, ಹಳೆಯ ಹೆಸರುಗಳನ್ನೇ ತೊರೆದು, ವಾಕ್ಯದಲ್ಲಿ ಪದ ಕೂರುವ ಸ್ಥಾನದಿಂದಲೇ ವರ್ಗಗಳನ್ನು ಗುರುತಿಸಿದನು.

ಎರವಲೆಲ್ಲವೂ ಹೊರೆಯೆಂದು ಇದರಿಂದ ತಿಳಿಯಲಾಗದು. ಪದರಚನೆಯ ವಿಚಾರದಲ್ಲಿ ಪಾಶ್ಚಾತ್ಯ ವಿದ್ವಾಂಸರು ಸಂಸ್ಕೃತದ ‘ಬಹುವ್ರೀಹಿ’ ಎಂಬ ಹೆಸರನ್ನು ಹಾಗೆಯೇ ಸ್ವೀಕರಿಸಿದರು. ಏಕೆಂದರೆ ಅದು ಅವರ ನುಡಿಗೂ ಒಪ್ಪಿತು. ‘ರೆಡ್‌ಕೋಟ್’ ಎಂದರೆ ಕೆಂಪಂಗಿಯಲ್ಲ, ಅದನ್ನು ತೊಟ್ಟ ಸೈನಿಕ. ನಮ್ಮ ‘ಮುಕ್ಕಣ್ಣ’ನು ಮೂರು ಕಣ್ಣಲ್ಲ, ಅವುಗಳನ್ನುಳ್ಳ ಶಿವ. ‘ಲಾರ್ಡ್’ ಎಂಬ ಒಂಟಿ ಪದವನ್ನು ಬಿಡಿಸಿದರೆ, ರೊಟ್ಟಿ ಎಂಬರ್ಥದ ‘ಹ್ಲಾಫ್’ ಮತ್ತು ಕಾವಲುಗಾರನೆಂಬರ್ಥದ ‘ವೆಅರ್ಡ್’ ಎಂಬೆರಡು ಹಳೆಯ ಮಾತುಗಳು ಹೊರಬಿದ್ದು, ರೊಟ್ಟಿಯನ್ನು ಕಾಯುವವನೇ ಒಡೆಯನೆಂಬ ಅಚ್ಚುಕಟ್ಟಾದ ತತ್ಪುರುಷವು ಕಾಣಸಿಗುತ್ತದೆ.

ಅನ್ಯರ ಅಳತೆಗೋಲನ್ನು ತರುವುದು ದೋಷವಲ್ಲ. ತಂದ ಕೋಲಿಗೆ ತಕ್ಕಂತೆ ನುಡಿಯನ್ನು ಕತ್ತರಿಸುವುದು ದೋಷ. ಕರಿಹಲಗೆಯ ಮೇಲೆ ‘ಲವ್’ ಎಂದೊಂದೇ ಪದವನ್ನು ಬರೆದು ಇದರ ವರ್ಗವಾವುದೆಂದು ಮಕ್ಕಳನ್ನು ಕೇಳುವ ಉಪಾಧ್ಯಾಯರು, ಮೊದಲು ಆ ಪದವನ್ನು ಒಂದು ವಾಕ್ಯದೊಳಗೆ ಕುಳ್ಳಿರಿಸಿ, ಆಮೇಲೆ ಪ್ರಶ್ನೆಯನ್ನಿಡಲಿ.