ಕೊಂಡಿಟ್ಟ ಆಟಗಳ ಬಾಕಿ: ಆಡದ ವಿಡಿಯೋ ಗೇಮುಗಳು ರಾಶಿ ಬೀಳುವುದೇಕೆ, ತೀರಿಸುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೇಸಿಗೆಯೆಂದರೆ ಮಳೆಗಾಲಕ್ಕೆ ಕೂಡಿಡುವ ಕಾಲ. ಕಟ್ಟಿಗೆ ಕೊಟ್ಟಿಗೆ ಸೇರುತ್ತದೆ, ಹಲಸಿನ ಹಪ್ಪಳ ಒಣಗಿ ಡಬ್ಬ ಸೇರುತ್ತದೆ. ಈಗೀಗ ಅದೇ ಮನೆಯ ಒಳಕೋಣೆಯಲ್ಲಿ ಇನ್ನೊಂದು ದಾಸ್ತಾನು ನಡೆಯುತ್ತಿರುತ್ತದೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಮಗನೋ ಮಗಳೋ ರಿಯಾಯಿತಿ ದರದಲ್ಲಿ ವಿಡಿಯೋ ಗೇಮುಗಳನ್ನು ಕೊಂಡು ಇಡುತ್ತಿರುತ್ತಾರೆ, 'ಮಳೆಗಾಲದಲ್ಲಿ ಆಡಿದರಾಯಿತು' ಎಂದು. ಆಗಸ್ಟ್ ಮುಗಿಯುವಷ್ಟರಲ್ಲಿ ಹಪ್ಪಳದ ಡಬ್ಬ ಖಾಲಿ. ಆಟಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಹೀಗೆ ಕೊಂಡೂ ಆಡದೆ ಉಳಿದ ಆಟಗಳ ರಾಶಿಗೆ ಗೇಮರುಗಳು 'ಬ್ಯಾಕ್‌ಲಾಗ್' ಎನ್ನುತ್ತಾರೆ. ನಾವು ಬಾಕಿ ಎನ್ನೋಣ. ಇದು ಯಾರೋ ಒಬ್ಬಿಬ್ಬರ ಸೋಮಾರಿತನವಲ್ಲ. ಆರ್ಸ್ ಟೆಕ್ನಿಕಾ ಎಂಬ ಅಮೆರಿಕದ ತಂತ್ರಜ್ಞಾನ ಜಾಲತಾಣ 2014ರಲ್ಲಿ, ಆಗ ಸಾರ್ವಜನಿಕವಾಗಿ ಸಿಗುತ್ತಿದ್ದ ಸ್ಟೀಮ್ ಖಾತೆಗಳ ಮಾದರಿ ತೆಗೆದು ಒಂದು ಅಂದಾಜು ಮಾಡಿತ್ತು. ಜನರ ಖಾತೆಗಳಲ್ಲಿದ್ದ ಆಟಗಳ ಪೈಕಿ ಸುಮಾರು 37 ಪ್ರತಿಶತವನ್ನು ಒಮ್ಮೆಯೂ ತೆರೆದಿರಲಿಲ್ಲ! ಲೆಕ್ಕ ಹಳೆಯದು, ಆದರೆ ಆಮೇಲೆ ದಿನಕ್ಕೆ 25ನೇ ಗಂಟೆಯೇನೂ ಬಂದಿಲ್ಲ.

ಪುಕ್ಕಟೆ ಬಂದದ್ದರ ಕಥೆ

2020ರ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಿಂದಾಗಿ ನಗರ ಸೇರಿದ್ದ ಯುವಕರು ಊರಿಗೆ ಮರಳಿದ್ದರು. ಸಿಗ್ನಲ್ ಹುಡುಕಿಕೊಂಡು ಗುಡ್ಡದ ನೆತ್ತಿಗೆ ಲ್ಯಾಪ್‌ಟಾಪ್ ಹೊತ್ತು ಹೋಗುವುದು ಮಲೆನಾಡಿನಲ್ಲಿ ಸಾಮಾನ್ಯ ದೃಶ್ಯವಾಗಿತ್ತು. ಆ ತಿಂಗಳ 14ರಂದು ಎಪಿಕ್ ಗೇಮ್ಸ್ ಸ್ಟೋರ್ ತನ್ನ ಬಳಕೆದಾರರಿಗೆ 'ಗ್ರ್ಯಾಂಡ್ ಥೆಫ್ಟ್ ಆಟೋ 5' ಆಟವನ್ನು ಒಂದು ವಾರ ಪುಕ್ಕಟೆ ಕೊಟ್ಟಿತು. ನುಗ್ಗಿದ ಜನರ ಭಾರಕ್ಕೆ ಅಂಗಡಿಯ ಸರ್ವರ್ ಕೆಲವು ಗಂಟೆ ಮಲಗಿಬಿಟ್ಟಿತು.

ಇಲ್ಲೊಂದು ಸೂಕ್ಷ್ಮವಿದೆ. ಆ ಆಟವನ್ನು ಪಡೆಯಲು ಇಳಿಸಿಕೊಳ್ಳಬೇಕಾಗಿರಲಿಲ್ಲ. ಒಂದು ಗುಂಡಿ ಒತ್ತಿದರೆ ಖಾತೆಗೆ ಸೇರುತ್ತಿತ್ತು. ಅಷ್ಟು ಕೆಲಸಕ್ಕೆ ಗುಡ್ಡದ ಮೇಲಿನ ಸಿಗ್ನಲ್ ಸಾಕು. ಆಡಲು ಬೇಕಾದದ್ದು ನೂರು ಜಿಬಿಗೆ ಹತ್ತಿರ ಹತ್ತಿರದ ಡೌನ್‌ಲೋಡ್. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಸಂಪರ್ಕ ಎಲ್ಲೂ ಕಡಿಯದೆ ಸಿಕ್ಕರೂ 100 ಜಿಬಿ ಇಳಿಯಲು ಹೆಚ್ಚುಕಡಿಮೆ 22 ಗಂಟೆ ಬೇಕು. ಪಡೆಯುವ ಶ್ರಮಕ್ಕೂ ಆಡುವ ಶ್ರಮಕ್ಕೂ ನಡುವೆ ಇರುವ ಈ ಕಂದಕದಲ್ಲಿಯೇ ಬಾಕಿ ತುಂಬಿಕೊಳ್ಳುವುದು. ಹಪ್ಪಳ ಹಾಗಲ್ಲ ನೋಡಿ: ಮಾಡುವಾಗ ಮನೆಮಂದಿಯೆಲ್ಲ ಸೊಂಟ ಮುರಿಯುವಷ್ಟು ಕೆಲಸ, ತಿನ್ನುವಾಗ ಎಣ್ಣೆ ಕಾದರೆ ಆಯಿತು.

ರಿಯಾಯಿತಿ ಎಂದರೆ ಉಳಿತಾಯವೇ?

'2,000 ರೂಪಾಯಿಯದ್ದು 400ಕ್ಕೆ ಸಿಕ್ಕಿತು, 1,600 ಉಳಿಯಿತು' ಎಂಬುದು ಬಾಕಿಯ ಮೂಲದಲ್ಲಿರುವ ದೊಡ್ಡ ತಪ್ಪುಕಲ್ಪನೆ. ಆಡದಿದ್ದರೆ ಉಳಿದದ್ದು ಏನೂ ಇಲ್ಲ, ಹೋದದ್ದು 400.

ಇದಕ್ಕೆ ಸಂಬಂಧಿಸಿದ ಒಂದು ಹಳೆಯ ಪ್ರಯೋಗ ಸ್ವಾರಸ್ಯಕರವಾಗಿದೆ. ಹ್ಯಾಲ್ ಆರ್ಕ್ಸ್ ಮತ್ತು ಕ್ಯಾಥರೀನ್ ಬ್ಲೂಮರ್ ಎಂಬ ಮನೋವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಓಹಿಯೋ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಇಡೀ ಹಂಗಾಮಿನ ನಾಟಕಗಳಿಗೆ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ಣ ಬೆಲೆಗೆ, ಇನ್ನು ಕೆಲವರಿಗೆ ಅನಿರೀಕ್ಷಿತ ರಿಯಾಯಿತಿಯಲ್ಲಿ ಟಿಕೆಟ್ ಕೊಟ್ಟರು. ಯಾರಿಗೆ ಯಾವುದು ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಹಂಗಾಮಿನ ಮೊದಲರ್ಧದಲ್ಲಿ ಪೂರ್ಣ ಬೆಲೆ ತೆತ್ತವರು ಹೆಚ್ಚು ನಾಟಕ ನೋಡಿದರು, ರಿಯಾಯಿತಿಯವರು ಕಡಿಮೆ. ದ್ವಿತೀಯಾರ್ಧದಲ್ಲಿ ಆ ವ್ಯತ್ಯಾಸ ಉಳಿಯಲಿಲ್ಲ. ಯಕ್ಷಗಾನಕ್ಕೆ ದುಡ್ಡು ಕೊಟ್ಟು ಮುಂದಿನ ಸಾಲಿನ ಟಿಕೆಟ್ ಕೊಂಡವರು ಚಳಿಯಾದರೂ ಹೋಗುತ್ತಾರೆ, ಪಾಸು ಸಿಕ್ಕವರು 'ಇನ್ನೊಂದಿನ ಹೋದರಾಯಿತು' ಎಂದು ಕಂಬಳಿ ಹೊದೆಯುತ್ತಾರೆ ಎಂಬುದು ನಮಗೆ ಪ್ರಯೋಗವಿಲ್ಲದೆಯೂ ಗೊತ್ತಿರುವ ಸಂಗತಿ.

ಇದರ ಜೊತೆಗೆ ಮೆದುಳಿನ ಪಾತ್ರವೂ ಇದೆ. ಡೋಪಮಿನ್ ಎಂದರೆ 'ಸಂತೋಷದ ರಾಸಾಯನಿಕ' ಎಂದು ವಾಟ್ಸ್ಆಪ್ ವಿಜ್ಞಾನ ಹೇಳುತ್ತದೆ. ಅಮೆರಿಕದ ನರವಿಜ್ಞಾನಿ ಕೆಂಟ್ ಬೆರಿಜ್ ಮತ್ತು ಸಹೋದ್ಯೋಗಿಗಳ ದಶಕಗಳ ಸಂಶೋಧನೆ ತೋರಿಸಿರುವಂತೆ, ಬೇಕು ಅನ್ನಿಸುವುದು ಮತ್ತು ಹಿತ ಅನ್ನಿಸುವುದು ಮೆದುಳಿನಲ್ಲಿ ಎರಡು ಬೇರೆ ವ್ಯವಸ್ಥೆಗಳು. ಡೋಪಮಿನ್ ಹೆಚ್ಚಾಗಿ ಮೊದಲನೆಯದಕ್ಕೆ ಸೇರಿದ್ದು. ಹಾಗಾಗಿ 'ಇನ್ನು ಆರೇ ಗಂಟೆ' ಎಂಬ ರಿಯಾಯಿತಿ ಫಲಕ ನೋಡಿದಾಗಿನ ತುಡಿತ, ಆ ಆಟ ನಮಗೆ ಇಷ್ಟವಾಗುತ್ತದೆ ಎಂಬುದರ ಸಾಕ್ಷಿಯಲ್ಲ. ಕೊಂಡ ಕೂಡಲೇ ತುಡಿತ ತಣ್ಣಗಾಗುತ್ತದೆ. ಅಂಗಡಿಯವರಿಗೆ ಅಷ್ಟು ಸಾಕು.

ಅಡಿಕೆ ಬೆಳೆಗಾರರ ಮನೆಯವರು ಇದನ್ನು ಬೇರೆ ರೀತಿಯಲ್ಲೂ ನೋಡಬಹುದು. ಚಾಲಿಯನ್ನು ಕೂಡಲೇ ಮಾರದೆ ಇಟ್ಟುಕೊಳ್ಳುವುದಕ್ಕೆ ಅರ್ಥವಿದೆ, ದರ ಏರಲೂಬಹುದು. ವಿಡಿಯೋ ಗೇಮಿನ ಬೆಲೆಯ ದಾರಿ ಸಾಮಾನ್ಯವಾಗಿ ಒಂದೇ, ಕೆಳಮುಖ. ಇವತ್ತು ಅರ್ಧ ಬೆಲೆಗೆ ಸಿಕ್ಕಿದ್ದು ಮುಂದಿನ ವರ್ಷ ಕಾಲು ಬೆಲೆಗೆ ಸಿಗುವುದು ಅಪರೂಪವೇನಲ್ಲ, ಅಷ್ಟರಲ್ಲಿ ಅದರ ದೋಷಗಳೂ ತಿದ್ದುಪಡಿಯಾಗಿರುತ್ತವೆ. ಖಾತೆಗೆ ಸೇರಿದ ಆಟವನ್ನು ಮರಳಿ ಮಾರುವಂತೆಯೂ ಇಲ್ಲ. ಅಂದಮೇಲೆ ದಾಸ್ತಾನು ಮಾಡುವುದರಲ್ಲಿ ಲಾಭ ಯಾರಿಗೆ?

ಅರ್ಧಕ್ಕೆ ಬಿಟ್ಟದ್ದು ಕಾಡುತ್ತದೆಯೇ?

ಮುಗಿಸದ ಕೆಲಸ ಮುಗಿಸಿದ್ದಕ್ಕಿಂತ ಹೆಚ್ಚು ನೆನಪಿರುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಬ್ಲೂಮಾ ಜೈಗಾರ್ನಿಕ್ ಎಂಬ ಮನೋವಿಜ್ಞಾನಿ ಬರ್ಲಿನ್‌ನಲ್ಲಿ ನಡೆಸಿದ ಪ್ರಯೋಗಗಳು 1927ರಲ್ಲಿ ಪ್ರಕಟವಾದಾಗಿನಿಂದ ಇದಕ್ಕೆ 'ಜೈಗಾರ್ನಿಕ್ ಪರಿಣಾಮ' ಎಂದೇ ಹೆಸರು. ಆದರೆ ನಂತರ ಬೇರೆಯವರು ಅದನ್ನೇ ಮಾಡಿನೋಡಿದಾಗ ಫಲಿತಾಂಶ ಒಂದೇ ತೆರನಾಗಿ ಬರಲಿಲ್ಲ. ಈವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ನೆನಪಿನ ಮಟ್ಟಿಗೆ ಅಂಥ ವಿಶೇಷವೇನೂ ಕಾಣುವುದಿಲ್ಲ ಎಂದಿದೆ. ಗಟ್ಟಿಯಾಗಿ ನಿಂತದ್ದು, ಅದೇ ಗುಂಪಿನ ಮರಿಯಾ ಒವ್ಸಿಯಾಂಕಿನಾ 1928ರಲ್ಲಿ ಹೇಳಿದ್ದು: ಅರ್ಧಕ್ಕೆ ನಿಂತ ಕೆಲಸವನ್ನು ಅವಕಾಶ ಸಿಕ್ಕರೆ ಜನ ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

ಬಾಕಿ ತೀರಿಸುವವರಿಗೆ ಇದು ಉಪಯೋಗದ ಮಾತು. ತೆರೆಯದ ನೂರು ಆಟಗಳಿಗಿಂತ ಅರ್ಧ ಆಡಿದ ಒಂದು ಆಟಕ್ಕೆ ಹೆಚ್ಚು ಎಳೆತವಿದೆ, ಅದರಿಂದಲೇ ಶುರುಮಾಡುವುದು ಸುಲಭ. ಇನ್ನು 'ಅಯ್ಯೋ, ಅಷ್ಟೊಂದು ಬಾಕಿಯಿದೆ' ಎಂಬ ಕಿರಿಕಿರಿಗೆ ಎಲ್ಲವನ್ನೂ ಆಡಿ ಮುಗಿಸುವುದೊಂದೇ ಮದ್ದಲ್ಲ. ಮಾಸಿಕಾಂಪೋ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದಂತೆ, ಮುಗಿಯದ ಕೆಲಸವನ್ನು ಯಾವಾಗ, ಹೇಗೆ ಮಾಡುವುದೆಂದು ನಿರ್ದಿಷ್ಟವಾಗಿ ಗೊತ್ತುಮಾಡಿಕೊಂಡರೇ ಅದು ತಲೆಯೊಳಗೆ ಗುಂಯ್‌ಗುಡುವುದು ಬಹಳಷ್ಟು ಕಡಿಮೆಯಾಗುತ್ತದೆ.

ಆಯ್ಕೆ ಹೆಚ್ಚಾದಷ್ಟೂ ತೀರ್ಮಾನ ಕಷ್ಟ ಎಂಬ ಮಾತಿಗೂ ಸ್ವಲ್ಪ ಉಪ್ಪುಕಾರ ಹಚ್ಚಿಯೇ ಹೇಳುತ್ತಾರೆ. 2000ದಲ್ಲಿ ಪ್ರಕಟವಾದ ಪ್ರಸಿದ್ಧ ಜ್ಯಾಮ್ ಪ್ರಯೋಗದಲ್ಲಿ 24 ಬಗೆ ಇಟ್ಟಾಗಿಗಿಂತ 6 ಬಗೆ ಇಟ್ಟಾಗ ಹೆಚ್ಚು ಜನ ಕೊಂಡದ್ದು ನಿಜ. ಆದರೆ 2010ರ ಒಂದು ಒಟ್ಟು ವಿಶ್ಲೇಷಣೆಯಲ್ಲಿ ಈ ಪರಿಣಾಮದ ಸರಾಸರಿ ಸೊನ್ನೆಯ ಆಸುಪಾಸು ಬಂತು. ತನಗೇನು ಬೇಕೆಂದು ಗೊತ್ತಿಲ್ಲದವರಿಗೆ ಉದ್ದ ಪಟ್ಟಿ ಹೆಚ್ಚು ತೊಡಕಾಗುತ್ತದೆ ಎನ್ನುವುದು ಹೆಚ್ಚು ಸರಿಯಾದ ಮಾತು.

ಇದು ಚಟವೇ?

ಮನೆಯ ಹಿರಿಯರ ಚಿಂತೆ ಇದು, ತಳ್ಳಿಹಾಕುವಂಥದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಸೇರಿದೆ. ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗಬೇಕು, ಕೆಡುಕಾಗುತ್ತಿದೆ ಎಂದು ತಿಳಿದೂ ಮುಂದುವರಿಯಬೇಕು, ಓದು, ಉದ್ಯೋಗ, ಸಂಬಂಧಗಳಿಗೆ ಗಂಭೀರ ಧಕ್ಕೆಯಾಗಬೇಕು. ಸಾಮಾನ್ಯವಾಗಿ ಇದು 12 ತಿಂಗಳಾದರೂ ಕಂಡುಬಂದಿರಬೇಕು. ನೂರು ಆಟ ಕೊಂಡು ಒಂದನ್ನೂ ಆಡದವರು ಈ ವ್ಯಾಖ್ಯೆಗೆ ಸಿಗುವುದೇ ಇಲ್ಲ. ಅವರದ್ದು ಖರೀದಿಯ ಅಭ್ಯಾಸ. ಅದು ಸಾಲ ಮಾಡುವ ಮಟ್ಟಕ್ಕೆ ಹೋದರೆ ಆ ಲೆಕ್ಕವೇ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೂ ಬೇರೆಯೇ. ಅವನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ.

ನಿಜಕ್ಕೂ ಹಿಡಿತ ತಪ್ಪಿದೆ ಅನ್ನಿಸಿದರೆ ಕೇಳಲು ಜಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ 'ಶಟ್' ಎಂಬ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗುವ ಮೊದಲು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು; ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊಂಡದ್ದು ಎಲ್ಲಿಗೆ ಹೋಗುತ್ತದೆ, ಇದ್ದೇ ಇರುತ್ತದೆ?

ಇಲ್ಲ. ಡಿಜಿಟಲ್ ಅಂಗಡಿಯಲ್ಲಿ ನಾವು ಕೊಳ್ಳುವುದು ಆಟವನ್ನಲ್ಲ, ಆಡುವ ಪರವಾನಗಿಯನ್ನು. 2024ರ ಅಕ್ಟೋಬರಿನಿಂದ ಸ್ಟೀಮ್ ಇದನ್ನು ಹಣ ಕಟ್ಟುವ ಪುಟದಲ್ಲೇ ತಿಳಿಸುತ್ತಿದೆ. ಯೂಬಿಸಾಫ್ಟ್ ಕಂಪನಿಯ 'ದಿ ಕ್ರ್ಯೂ' ಎಂಬ ಕಾರ್ ರೇಸಿನ ಆಟದ ಸರ್ವರ್ 2024ರ ಮಾರ್ಚ್ 31ರಂದು ನಿಂತುಹೋಯಿತು. ಅದು ಸದಾ ಅಂತರಜಾಲ ಬೇಡುವ ಆಟವಾದ್ದರಿಂದ, ಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ. ಬಾಕಿ ಪಟ್ಟಿಯಲ್ಲಿ ಇಂಥ ಸದಾ-ಆನ್‌ಲೈನ್ ಆಟಗಳಿದ್ದರೆ ಅವು ಮೊದಲ ಸಾಲಿಗೆ ಬರಲಿ. ಗಾಗ್ ಎಂಬ ಅಂಗಡಿ ಬೀಗವಿಲ್ಲದ ಇನ್‌ಸ್ಟಾಲರ್ ಕಡತ ಕೊಡುತ್ತದೆ. ಹಾರ್ಡ್ ಡಿಸ್ಕಿಗೆ ಹಾಕಿಟ್ಟುಕೊಂಡರೆ ಅದು ನಿಮ್ಮದೇ.

ಲೆಕ್ಕ ಹಾಕಿ ನೋಡಿದರೆ

ನಿಮ್ಮ ಬಳಿ 120 ಆಟಗಳಿವೆ, ಒಂದೊಂದಕ್ಕೆ ಸರಾಸರಿ 20 ಗಂಟೆ ಬೇಕು ಎಂದುಕೊಳ್ಳಿ. ಒಟ್ಟು 2,400 ಗಂಟೆ. ವಾರಕ್ಕೆ 5 ಗಂಟೆ ಸಿಕ್ಕರೆ 480 ವಾರ, ಅಂದರೆ ಒಂಬತ್ತು ವರ್ಷಕ್ಕೂ ಮಿಗಿಲು. ಅಡಿಕೆ ಕೊಯ್ಲಿನ ದಿನಗಳಲ್ಲಿ ಆ 5 ಗಂಟೆಯೂ ಸಿಗದು. ಈ ಲೆಕ್ಕ ಹಾಕಿದ ಕೂಡಲೇ ಒಂದು ವಿಷಯ ಇತ್ಯರ್ಥವಾಗುತ್ತದೆ: ಎಲ್ಲವನ್ನೂ ಮುಗಿಸುವುದು ಆಗದ ಮಾತು. ಹಾಗಾಗಿ ಕೆಲಸ ಮುಗಿಸುವುದಲ್ಲ, ಆರಿಸುವುದು. ಬೇಡವೆನಿಸಿದ್ದನ್ನು ಸ್ಟೀಮ್‌ನಲ್ಲಿ ಮರೆಮಾಡಿಡಲು ಸೌಲಭ್ಯವಿದೆ, ಹಿಂಜರಿಯದೆ ಬಳಸಿ. ಹೊಸದಾಗಿ ಕೊಂಡದ್ದನ್ನು ಅದೇ ವಾರ ತೆರೆದುನೋಡಿ; ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ಹಿಂದಿರುಗಿಸುತ್ತದೆ. ರಾಶಿಗೆ ಎಸೆದವರಿಗೆ ಈ ಅವಕಾಶ ತಪ್ಪಿಹೋಗುತ್ತದೆ.

ಉದ್ದವೂ ನೋಡಿಕೊಳ್ಳಬೇಕಾದ್ದೇ. 2015ರ 'ದಿ ವಿಚರ್ 3' ಉಪಕಥೆಗಳೆಲ್ಲ ಸೇರಿ ನೂರು ಗಂಟೆ ಕೇಳುತ್ತದೆ. 2007ರ 'ಪೋರ್ಟಲ್' ಮೂರು-ನಾಲ್ಕು ಗಂಟೆಗೆ ಮುಗಿಯುತ್ತದೆ. ಪುಣೆಯ ತಂಡವೊಂದು 2020ರಲ್ಲಿ ತಂದ, ನಮ್ಮ ಪುರಾಣದ ವಾತಾವರಣವಿರುವ 'ರಾಜಿ' ಕೂಡ ಎರಡು ಮೂರು ಸಂಜೆಯ ಕೆಲಸ. ಚಿಕ್ಕದರಿಂದ ತೊಡಗಿದರೆ ಕೈಗೂ ರೂಢಿಯಾಗುತ್ತದೆ.

ಈಗ ಮಳೆಗಾಲದ ಮಾತು. ಸ್ಟೀಮ್‌ನ ಬೇಸಿಗೆ ರಿಯಾಯಿತಿ ಬರುವುದು ಜೂನ್ ಕೊನೆಗೆ. ಅವರ ಬೇಸಿಗೆ ನಮ್ಮ ಆರಿದ್ರಾ ಮಳೆ! ಆಗ ಕೊಂಡರೆ ಇಳಿಸಿಕೊಳ್ಳಲು ನೆಟ್‌ವರ್ಕ್ ಇರುವುದಿಲ್ಲ. ಏನು ಆಡಬೇಕೋ ಅದನ್ನು ಮೇ ತಿಂಗಳಲ್ಲೇ ಇಳಿಸಿ, ಒಮ್ಮೆ ತೆರೆದು, ಸ್ಟೀಮನ್ನು ಆಫ್‌ಲೈನ್ ಸ್ಥಿತಿಗೆ ಹಾಕಿ ಆಟ ನಡೆಯುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ. ಕೆಲವು ಆಟಗಳು ಆಗಾಗ ಅಂತರಜಾಲ ಕೇಳುತ್ತವೆ. ಬೆಂಗಳೂರಿನಿಂದ ಬರುವ ಅಣ್ಣನೋ ಅಕ್ಕನೋ ಲ್ಯಾಪ್‌ಟಾಪಿನಲ್ಲಿ ಅದೇ ಆಟ ಹಾಕಿಕೊಂಡು ಬಂದರೆ ಇನ್ನೂ ಸಲೀಸು. 2023ರಿಂದ ಸ್ಟೀಮ್‌ನಲ್ಲಿ ಒಂದೇ ಮನೆಯ ರೂಟರಿಗೆ ಸೇರಿದ ಎರಡು ಕಂಪ್ಯೂಟರುಗಳ ನಡುವೆ ಆಟದ ಕಡತ ನೇರವಾಗಿ ದಾಟುತ್ತದೆ. ಅದಕ್ಕೆ ಹೊರಗಿನ ವೇಗ ಬೇಕಾಗಿಲ್ಲ.

ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ಆಡಬಹುದೇ? 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದೆ. ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ 300 ವ್ಯಾಟ್ ಎಳೆದರೆ 6 ಗಂಟೆ ಬರಬೇಕು. ಪರಿವರ್ತನೆಯ ನಷ್ಟ, ವೇಗವಾಗಿ ಎಳೆದಾಗ ಕುಗ್ಗುವ ಬ್ಯಾಟರಿಯ ಸಾಮರ್ಥ್ಯ ಕಳೆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕೀತು, ಆಮೇಲೆ ಮನೆಯೆಲ್ಲ ಕತ್ತಲೆ. 30 ವ್ಯಾಟ್‌ನಲ್ಲಿ ನಡೆಯುವ ಲ್ಯಾಪ್‌ಟಾಪಿನ ಸಣ್ಣ ಆಟವಾದರೆ ಮನೆಯವರ ಬೈಗುಳವಿಲ್ಲದೆ ಆಡಬಹುದು.

ಗುಡುಗು-ಸಿಡಿಲಿನ ಹೊತ್ತಿನಲ್ಲಿ ಮಾತ್ರ ಯಾವುದೂ ಬೇಡ. 'ನಮ್ಮದು ಫೈಬರ್ ಸಂಪರ್ಕ, ಸಿಡಿಲಿನ ಭಯವಿಲ್ಲ' ಎನ್ನುವವರಿದ್ದಾರೆ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲವೆಂಬುದು ಸರಿ, ಆದರೆ ರೂಟರಿನ ಅಡಾಪ್ಟರ್ ಕೂತಿರುವುದು ಗೋಡೆಯ ಪ್ಲಗ್ಗಿನಲ್ಲೇ. ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿನ ತನಕ ಹೊಡೆತ ಬರಬಲ್ಲದು. ಯುಪಿಎಸ್ ಕೂಡ ಹತ್ತಿರದ ಸಿಡಿಲನ್ನು ತಡೆಯದು. ಗುಡುಗು ಶುರುವಾಗುವ ಮೊದಲೇ ಆಟ ಸೇವ್ ಮಾಡಿ, ಎರಡೂ ಪ್ಲಗ್ ಕಿತ್ತು, ಲ್ಯಾನ್ ತಂತಿಯನ್ನೂ ಬಿಡಿಸಿಡಿ.