ಎರಡು ವರ್ಷ ಮೂರು ತಿಂಗಳ ಪ್ರಭುತ್ವ

ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಯ ಕಡೆಯವರಾದ ನಮಗೆ ಅರಸರೆಂದರೆ ಕೆಂಪೇಗೌಡರು, ದುರ್ಗವೆಂದರೆ ಸಾವನದುರ್ಗ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನು ಬೆಂಗಳೂರನ್ನು ಕಿತ್ತುಕೊಂಡ ಮೇಲೆ ಮಾಗಡಿಗೆ ಬಂದು ನೆಲೆಸಿ, ಅಲ್ಲಿಂದ ತೊಂಬತ್ತು ವರ್ಷಗಳ ಕಾಲ ಈ ಸೀಮೆಯನ್ನಾಳಿದ ಆ ಮನೆತನದ ಕಥೆಯು, 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದು ಕಡೆಯ ಕೆಂಪೇಗೌಡನನ್ನು ಶ್ರೀರಂಗಪಟ್ಟಣದ ಸೆರೆಗೆ ಒಯ್ದಲ್ಲಿಗೆ ಮುಗಿಯಿತೆಂದು ನಾವು ಪುಸ್ತಕ ಮಡಿಸಿಡುವುದುಂಟು. ಆದರೆ ಸೆರೆಹಿಡಿದ ಆ ಕೈಯ ಜಾಡನ್ನೇ ಹಿಡಿದು ಮುಂದೆ ನಡೆದರೆ, ಅದು ಆರೇ ವರ್ಷಗಳಲ್ಲಿ ತನ್ನ ಒಡೆಯನ ಮೇಲೆಯೇ ಬಿದ್ದು, ಆತನನ್ನು ನಮ್ಮ ಕನಕಪುರದ ಕಡೆಯ ಕಬ್ಬಾಳದುರ್ಗಕ್ಕೆ ಏರಿಸಿದುದು ಕಾಣುತ್ತದೆ.

ಆ ಒಡೆಯರು ಏಳನೆಯ ಚಾಮರಾಜರು. 1732ರ ಮಾರ್ಚ್ ತಿಂಗಳಲ್ಲಿ ದೊಡ್ಡ ಕೃಷ್ಣರಾಜ ಒಡೆಯರು ಔರಸಪುತ್ರನಿಲ್ಲದೆ ತೀರಿಕೊಂಡಾಗ, ರಾಣಿ ದೇವಾಜಮ್ಮಣ್ಣಿಯವರು ದತ್ತು ಸ್ವೀಕರಿಸಿದ ಇವರಿಗೆ ಪಟ್ಟವಾಯಿತು. 1734ರ ಜೂನ್ ತಿಂಗಳಲ್ಲಿ ಆ ಪಟ್ಟವು ಕಳಚಿಹೋಯಿತು. ಇತಿಹಾಸದ ಹೊತ್ತಗೆಗಳಲ್ಲಿ ಇವರ ಪಾಲಿಗೆ ಬಂದುದು ಬಹುಮಟ್ಟಿಗೆ ಒಂದು ಕಂಡಿಕೆ ಮಾತ್ರ. ಅದರಲ್ಲಿಯೂ ಕರ್ತೃಪದವಾಗಿ ನಿಲ್ಲುವವರು ಇವರಲ್ಲ, ದಳವಾಯಿಗಳು.

ಅದಕ್ಕೆ ಕಾರಣವುಂಟು. ರಾಜ ಒಡೆಯರ ಕಾಲದಿಂದಲೂ ಮೈಸೂರಿನ ಸೇನಾಧಿಪತ್ಯಕ್ಕೂ ನಂಜನಗೂಡಿನ ಬಳಿಯ ಕಳಲೆಯ ಅರಸು ಮನೆತನಕ್ಕೂ ನಂಟು ಬೆಳೆದುಬಂದಿದ್ದಿತು; ಕೊಟ್ಟು ತಂದ ಸಂಬಂಧವೂ ಅದರೊಡನೆ ಹೆಣೆದುಕೊಂಡಿದ್ದಿತು. ಚಿಕ್ಕದೇವರಾಜರಂತಹ ಸಮರ್ಥರು ಗದ್ದುಗೆಯಲ್ಲಿದ್ದಷ್ಟು ಕಾಲ ದಳವಾಯಿಯು ದೊರೆಯ ಖಡ್ಗವಾಗಿದ್ದನು. 1704ರಲ್ಲಿ ಅವರು ಕಾಲವಾದ ಮೇಲೆ, ಬಂದ ದೊರೆಗಳ ಹಿಡಿತ ಸಡಿಲವಾದಂತೆಲ್ಲ, ಖಡ್ಗವೇ ತನ್ನನ್ನು ಹಿಡಿಯತಕ್ಕ ಕೈಯನ್ನು ಆರಿಸಿಕೊಳ್ಳಲು ತೊಡಗಿತು. ದಂಡು ದೇವರಾಜಯ್ಯನದು, ಬೊಕ್ಕಸ ಮತ್ತು ಆಡಳಿತ ಆತನ ದಾಯಾದಿ ಸರ್ವಾಧಿಕಾರಿ ನಂಜರಾಜಯ್ಯನದು. ದೊರೆಗೆ ಉಳಿದುದು ದಸರೆಯ ದರ್ಬಾರು.

ಇಷ್ಟೆಲ್ಲ ಬಲ್ಲವರಾಗಿಯೂ ಈ ದಾಯಾದಿಗಳು ಒಂದು ತಪ್ಪು ಎಣಿಕೆ ಮಾಡಿದರೆಂದು ನನಗೆ ತೋರುತ್ತದೆ: ಅವರು ಗದ್ದುಗೆಯ ಮೇಲೆ ಕುಳ್ಳಿರಿಸಿದುದು ಮಗುವನ್ನಲ್ಲ, ಇಪ್ಪತ್ತೆಂಟರ ಪ್ರಾಯದ ಗಂಡಸನ್ನು. ಆ ವಯಸ್ಸಿನವನು ರಾಜಮುದ್ರೆಯನ್ನು ಕೈಯಲ್ಲಿ ಹಿಡಿದ ಮೇಲೆ ಅದನ್ನು ಒತ್ತುವವನು ಯಾರೆಂದು ಕೇಳದಿರುವನೆ? ಚಾಮರಾಜರು ಕೇಳಿದರು, ಬರಿದೆ ಕೇಳಿದರಲ್ಲದೆ, ಕಳಲೆಯವರನ್ನು ಬದಿಗೊತ್ತಿ ತಮಗೆ ವಿಶ್ವಾಸಿಗಳಾದವರನ್ನು ಅಧಿಕಾರಕ್ಕೆ ತರಲು ಉಜ್ಜುಗಿಸಿದರು. ಆದರೆ ನಿರೂಪದಿಂದ ಮಂತ್ರಿಯನ್ನು ಬದಲಿಸಬಹುದೇ ಹೊರತು, ಸಂಬಳ ಕೊಡುವ ಕೈಯನ್ನೇ ನೋಡಿಕೊಂಡಿರುವ ದಂಡಿನ ಮನಸ್ಸನ್ನು ಬದಲಿಸಲಾಗದು. ಪದಚ್ಯುತರಾದವರು ದಂಡಿನೊಡನೆ ಹಿಂದಿರುಗಿದರು. ಅರಮನೆಯು ಅವರ ವಶವಾಯಿತು. ದೊರೆಯೂ ಅವರ ರಾಣಿಯೂ ಸೆರೆಯಾಳುಗಳಾದರು.

ಇಂತಹ ಪ್ರಸಂಗವನ್ನು ಓದುವಾಗಲೆಲ್ಲ ನನ್ನ ಚಿತ್ತವು ನಮ್ಮ ಪುರಾಣಗಳು ಪಹ್ಲವರೆಂದು ಕರೆದ ಪಾರ್ಥಿಯರ ಕಡೆಗೆ ಹರಿಯುತ್ತದೆ. ಇರಾನಿನಲ್ಲಿ ಸುಮಾರು ನಾಲ್ಕೂಮುಕ್ಕಾಲು ಶತಮಾನ ಆಳಿದ ಆ ವಂಶದಲ್ಲಿಯೂ ದೊರೆಯ ತಲೆಗೆ ಕಿರೀಟವನ್ನಿಡುವ ಹಕ್ಕು ಸುರೇನ್ ಎಂಬ ಸಾಮಂತ ಮನೆತನಕ್ಕೆ ವಂಶಪಾರಂಪರ್ಯವಾಗಿ ಸಂದಿದ್ದಿತು. ಕ್ರಿಸ್ತಶಕ 4ರ ಸುಮಾರಿಗೆ ಅಲ್ಲಿಯ ಸಾಮಂತರು ಮೂರನೆಯ ಒರೋಡೀಸನನ್ನು ತಾವೇ ಕರೆತಂದು ಪಟ್ಟ ಕಟ್ಟಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, ಔತಣದಲ್ಲಿಯೋ ಬೇಟೆಯಲ್ಲಿಯೋ, ತಾವೇ ಕೊಂದರು. ಅನಂತರ ರೋಮಿನಲ್ಲಿ ಚಕ್ರವರ್ತಿ ಅಗಸ್ಟಸನ ಆಶ್ರಯದಲ್ಲಿ ಬೆಳೆದಿದ್ದ ವೊನೋನೀಸನನ್ನು ಬೇಡಿ ತರಿಸಿಕೊಂಡರು. ಅವನು ಕುದುರೆ ಏರದೆ ಪಲ್ಲಕ್ಕಿಯಲ್ಲಿ ಹೋಗುತ್ತಾನೆಂದೂ ಬೇಟೆಯಲ್ಲಿ ಅವನಿಗೆ ಆಸಕ್ತಿಯಿಲ್ಲವೆಂದೂ ಮುನಿದು ಅವನನ್ನೂ ಓಡಿಸಿದರು. ಆ ಅಗಸ್ಟಸನ ಬೆಳ್ಳಿಯ ನಾಣ್ಯಗಳು 1891ರಲ್ಲಿ ನಮ್ಮ ಯಶವಂತಪುರದಲ್ಲಿ, ರೈಲುದಾರಿಗಾಗಿ ನೆಲ ಅಗೆಯುವಾಗ, ಒಂದು ಗಡಿಗೆಯೊಳಗಿಂದ ಹೊರಬಿದ್ದವು. ಒರೋಡೀಸನ ಲೋಕವು ನಮಗೆ ಅಷ್ಟೇನೂ ದೂರದ್ದಲ್ಲವೆಂದು ಹೇಳುವುದಕ್ಕೆ ನನಗೆ ಆ ಗಡಿಗೆಯೇ ಸಾಕು.

ಪಾರ್ಥಿಯರು ದೊರೆಯನ್ನು ಕತ್ತಿಯಿಂದ ಕೊಂದರು; ಕಳಲೆಯವರು ಆ ಕೆಲಸವನ್ನು ಬೆಟ್ಟಕ್ಕೆ ಒಪ್ಪಿಸಿದರು. ಸಾತನೂರಿನ ಆಚೆ ಮೂರೂವರೆ ಸಾವಿರ ಅಡಿಯ ಎತ್ತರಕ್ಕೆ ಶಂಕುವಿನಾಕೃತಿಯಲ್ಲಿ ನಿಂತಿರುವ ಕಬ್ಬಾಳದುರ್ಗವು ನುಣುಪಾದ ಕಡಿದಾದ ಬಂಡೆ. ಅಲ್ಲಿ ಗೋಡೆಗಿಂತ ಇಳಿಜಾರೇ ಬಲವಾದ ಕಾವಲು. ಮೇಲಿನ ನೀರು ಕೆಟ್ಟದ್ದು, ಹವೆ ಕೆಟ್ಟದ್ದು, ಸೆರೆಯಾಳಿಗೆ ಕೊಡುವ ಕೂಳು ಅದಕ್ಕಿಂತಲೂ ಕೆಟ್ಟದ್ದು. ಮರಣದಂಡನೆಯೆಂಬ ಮಾತನ್ನು ಯಾರೂ ಉಚ್ಚರಿಸದೆಯೆ ಅದರ ಫಲವನ್ನು ಪಡೆಯುವುದಕ್ಕೆ ಇದಕ್ಕಿಂತ ಅನುಕೂಲವಾದ ತಾಣ ಸೀಮೆಯಲ್ಲಿ ಇರಲಿಲ್ಲ. ಸ್ವಾಮಿಹತ್ಯೆಯ ಪಾತಕಕ್ಕೆ ಅಂಜುವವರಿಗೆ ಇಂತಹ ಬೆಟ್ಟವೊಂದು ಬೇಕೇ ಬೇಕಲ್ಲವೆ! ಚಾಮರಾಜರು ಅಲ್ಲಿಯೇ ತೀರಿಕೊಂಡರು.

ಎರಡನೆಯ ಸಲ ಕಳಲೆಯವರು ಎಣಿಕೆ ತಪ್ಪಲಿಲ್ಲ. ಐದಾರು ವಯಸ್ಸಿನ ಬಾಲಕನನ್ನು ತಂದು ಇಮ್ಮಡಿ ಕೃಷ್ಣರಾಜರೆಂದು ಪಟ್ಟ ಕಟ್ಟಿದರು. ಅವರು ಮೂವತ್ತೆರಡು ವರ್ಷ ದೊರೆಯೆನಿಸಿದ್ದರು. ಆ ದೀರ್ಘ ಅವಧಿಯಲ್ಲಿ ಅವರು ಆಳಿದ ದಿನಗಳನ್ನು ಹುಡುಕಹೊರಟರೆ ಚಾಮರಾಜರ ಎರಡೇ ವರ್ಷಗಳು ದೀರ್ಘವೆನಿಸಿದರೆ ಅಚ್ಚರಿಯಿಲ್ಲ. ಅವರೂ ಪ್ರಾಯಕ್ಕೆ ಬಂದ ಮೇಲೆ ಒಮ್ಮೆ ತಲೆಯೆತ್ತಿ ನೋಡಿದರು. ಆಗ ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯನು, ದೊರೆಗೆ ಮಗಳನ್ನು ಕೊಟ್ಟ ಮಾವನಾಗಿದ್ದೂ, ಅರಮನೆಯ ಮೇಲೆ ಫಿರಂಗಿ ಹಾರಿಸಿದನು. ಆ ಕೃತ್ಯವನ್ನು ಸಹಿಸಲಾರದೆ ಮುದಿ ದೇವರಾಜಯ್ಯನು ಪಟ್ಟಣವನ್ನು ಬಿಟ್ಟು ಸತ್ಯಮಂಗಲಕ್ಕೆ ಹೊರಟುಹೋದನು. ಕಬ್ಬಾಳಕ್ಕೆ ಅರಸನನ್ನು ಕಳುಹಿಸಿದವನಿಗೆ ಫಿರಂಗಿಯ ಸದ್ದು ಅಸಹ್ಯವಾದುದು ಮನುಷ್ಯಸ್ವಭಾವದ ಒಂದು ವಿಚಿತ್ರ. ಅದನ್ನು ಪಶ್ಚಾತ್ತಾಪವೆನ್ನಲು ನನಗೆ ಧೈರ್ಯವಿಲ್ಲ, ಬರಿಯ ಮುನಿಸೆನ್ನಲು ಮನಸ್ಸೂ ಇಲ್ಲ.

ಈ ಕರಾಚೂರಿ ನಂಜರಾಜಯ್ಯನಾದರೋ ಕನ್ನಡದಲ್ಲಿ ಶೈವಗ್ರಂಥಗಳನ್ನು ರಚಿಸಿದ ಭಕ್ತ. ದಂಡಿನಲ್ಲಿ ತಾನೇ ಮೇಲೆತ್ತಿದ ಹೈದರನಿಂದ ಅಧಿಕಾರವನ್ನು ಕಳೆದುಕೊಂಡು, ಕಡೆಗೆ 1773ರಲ್ಲಿ ಸೆರೆಯಲ್ಲಿಯೇ ಕಣ್ಣುಮುಚ್ಚಿದನು. ಬೆಟ್ಟಕ್ಕೆ ಮಾತ್ರ ಬಿಡುವಾಗಲಿಲ್ಲ. ಹೈದರನಿಗೂ ಅದು ಬಂದೀಖಾನೆಯಾಗಿ ಒದಗಿತು, ಟೀಪುವಿನ ಕಾಲದಲ್ಲಿ ಜಾಫರಾಬಾದ್ ಎಂಬ ಹೊಸ ಹೆಸರನ್ನೂ ಪಡೆಯಿತು. ಆ ಹೆಸರು ಹೇಳಿ ಸಾತನೂರಿನಲ್ಲಿ ದಾರಿ ಕೇಳಿದರೆ ಇಂದು ತೋರಿಸುವವರಿಲ್ಲ. ಕಬ್ಬಾಳಮ್ಮನ ಗುಡಿ ಎಲ್ಲಿ ಎಂದು ಕೇಳಬೇಕು. ಹಣ್ಣುಕಾಯಿಯ ಚೀಲ ಹಿಡಿದು ಹೊರಟವರು ಯಾರಾದರೂ ಜೊತೆಗೇ ಕರೆದುಕೊಂಡು ಹೋಗುತ್ತಾರೆ.